ಲೋಡಿಂಗ್ ಚಕ್ರ ತಿರುಗುವುದಿಲ್ಲ, ಬಾರ್ 99ರಲ್ಲಿ ಕೂರುತ್ತದೆ: ಯಾಕೆ ಹೀಗೆ?

ಪ್ರಶ್ನೆ: ಕಾಟ್ಲಿನ್ ಭಾಷೆಯಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೇನೆ. 'ಸಿಂಕ್' ಬಟನ್ ಒತ್ತಿದರೆ ಸರ್ವರ್‌ನಿಂದ ನಾಲ್ಕು ಸಾವಿರದಷ್ಟು ದಾಖಲೆಗಳು ಇಳಿದು ಫೋನಿನ ಡೇಟಾಬೇಸ್‌ಗೆ ಸೇರಬೇಕು. ಆಮೇಲೆ ಬಳಕೆದಾರರು ತೆಗೆದ ಫೋಟೋಗಳು ಸರ್ವರ್‌ಗೆ ಹೋಗಬೇಕು. ಲೋಡಿಂಗ್ ಚಕ್ರ ಹಾಕಿದ್ದೇನೆ, ಆದರೆ ಮೂರು ತೊಂದರೆ. ಒಂದು, ಚಕ್ರ ಕಾಣಿಸುವುದೇ ಇಲ್ಲ ಅಥವಾ ಕಾಣಿಸಿ ಅಲ್ಲಾಡದೆ ನಿಲ್ಲುತ್ತದೆ. ಕೋರೂಟೀನ್ (ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಕಾಟ್ಲಿನ್ ಕೆಲಸ) ಬಳಸಿದರೂ ಹೀಗೇ. ಎರಡು, ಫೋನ್ ಅಡ್ಡ ತಿರುಗಿಸಿದರೆ ಚಕ್ರ ಮಾಯ, ಕೆಲಸ ಮಾತ್ರ ಒಳಗೆ ನಡೆಯುತ್ತಿರುತ್ತದೆ. ಮೂರು, ಶೇಕಡಾ ತೋರಿಸುವ ಬಾರ್ ಹಾಕಿದರೆ ಸರ್ರನೆ 99ಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಹಳೆಯ ಪಾಠಗಳಲ್ಲಿ ಹಿನ್ನೆಲೆಯ ಕೆಲಸಕ್ಕೆ ಅಸಿಂಕ್‌ಟಾಸ್ಕ್, ಕಾಯಿಸುವ ಪೆಟ್ಟಿಗೆಗೆ ಪ್ರೋಗ್ರೆಸ್ ಡೈಲಾಗ್ ಅಂತ ಇದೆ. ಅದನ್ನೇ ಹಿಡಿಯಲೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ಪ್ರೋಗ್ರೆಸ್ ಡೈಲಾಗ್ ಅನ್ನು ಗೂಗಲ್ ಆಂಡ್ರಾಯ್ಡ್ 8ರಲ್ಲೇ, ಅಂದರೆ 2017ರಲ್ಲಿ, ಹಳತು ಎಂದು ಬದಿಗಿಟ್ಟಿತು. ಅದು ಇಡೀ ಪರದೆಯನ್ನು ಅಡ್ಡಗಟ್ಟುತ್ತದೆ, ಕೆಲಸ ಮುಗಿಯುವವರೆಗೆ ಬಳಕೆದಾರ ಕೈಕಟ್ಟಿ ಕೂರಬೇಕು. ಅಸಿಂಕ್‌ಟಾಸ್ಕ್‌ಗೂ 2020ರಲ್ಲಿ, ಆಂಡ್ರಾಯ್ಡ್ 11ರ ಹೊತ್ತಿಗೆ, ಅದೇ ಗತಿಯಾಯಿತು. ನೀವು ಹಿಡಿದಿರುವ ಕೋರೂಟೀನ್ ದಾರಿಯೇ ಸರಿ. ಅದನ್ನು ಬಳಸಿದ ರೀತಿಯಲ್ಲಿ ಒಂದೆರಡು ಕಡೆ ಎಡವಟ್ಟಾಗಿದೆ, ಅಷ್ಟೇ.

ನಿಮ್ಮ ಮೂರು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಆದರೆ ಮೂರರ ಹಿಂದೆ ಒಂದೇ ಯೋಚನೆ ಇರುವ ಹಾಗೆ ಕಾಣುತ್ತದೆ. 'ಕೆಲಸ ಶುರುವಾದಾಗ ಚಕ್ರ ಆನ್ ಮಾಡು, ಮುಗಿದಾಗ ಆಫ್ ಮಾಡು' ಅನ್ನುವ ಯೋಚನೆ ಅದು. ಚಕ್ರವನ್ನು ಯಾರೂ ಆನ್-ಆಫ್ ಮಾಡಬಾರದು. ಕೆಲಸ ತನ್ನ ಸ್ಥಿತಿಯನ್ನು ಒಂದು ಕಡೆ ಬರೆದಿಡಬೇಕು. ಪರದೆ ಅದನ್ನು ಓದಿ ತೋರಿಸಬೇಕು. ಕೆಲಸಕ್ಕೆ ಪರದೆಯ ಗೊಡವೆ ಬೇಡ.

ಚಕ್ರ ಯಾಕೆ ಹೆಪ್ಪುಗಟ್ಟುತ್ತದೆ

ಆಂಡ್ರಾಯ್ಡ್‌ನಲ್ಲಿ ಪರದೆ ಬರೆಯುವುದು, ಬೆರಳು ತಾಗಿದ್ದನ್ನು ಗಮನಿಸುವುದು ಎಲ್ಲವೂ ಮೇನ್ ಥ್ರೆಡ್ ಎಂಬ ಒಂದೇ ಥ್ರೆಡ್‌ನ (ಕೋಡ್ ಸಾಲಾಗಿ ಓಡುವ ಎಳೆಯ) ಪಾಲಿಗೆ ಬರುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವ ಸಮಯ 16 ಮಿಲಿಸೆಕೆಂಡ್ ಚಿಲ್ಲರೆ. 120 ಹರ್ಟ್ಸ್ ಪರದೆಯಲ್ಲಿ ಅದರ ಅರ್ಧ. ನಿಮ್ಮ ಕೋಡ್ ಅದೇ ಥ್ರೆಡ್‌ನಲ್ಲಿ ಎರಡು ಸೆಕೆಂಡ್ ಓಡಿದರೆ ಆ ಎರಡು ಸೆಕೆಂಡ್ ಹೊಸ ಫ್ರೇಮ್ ಬರುವುದಿಲ್ಲ. ಬೆರಳು ತಾಗಿದ್ದಕ್ಕೆ 5 ಸೆಕೆಂಡ್ ಉತ್ತರ ಸಿಗದಿದ್ದರೆ ಆಂಡ್ರಾಯ್ಡ್ 'ಈ ಆ್ಯಪ್ ಸ್ಪಂದಿಸುತ್ತಿಲ್ಲ' ಅನ್ನುವ ಪೆಟ್ಟಿಗೆ ತೋರಿಸುತ್ತದೆ.

ಚಕ್ರ ಕಾಣಿಸದೇ ಹೋಗುವುದಕ್ಕೂ ಇದೇ ಕಾರಣ. 'ಕಾಣಿಸು' ಎಂದು ಹೇಳಿದ ತಕ್ಷಣ ಚಕ್ರ ಪರದೆಗೆ ಬರುವುದಿಲ್ಲ. ಮುಂದಿನ ಫ್ರೇಮ್‌ನಲ್ಲಿ ಬರೆಯಬೇಕು ಅಂತ ಗುರುತು ಹಾಕಿಕೊಳ್ಳುತ್ತದೆ, ಅಷ್ಟೇ. ಆ ಫ್ರೇಮ್ ಬರಬೇಕಾದರೆ ನಿಮ್ಮ ಫಂಕ್ಷನ್ ಮುಗಿದು ಥ್ರೆಡ್ ಬಿಡುವಾಗಬೇಕು. ಮೊದಲ ಸಾಲಿನಲ್ಲಿ ಚಕ್ರ ಕಾಣಿಸು, ಎರಡನೆಯದರಲ್ಲಿ ಭಾರದ ಕೆಲಸ, ಮೂರನೆಯದರಲ್ಲಿ ಚಕ್ರ ಮರೆಮಾಡು ಎಂದು ಬರೆದರೆ ಥ್ರೆಡ್ ಬಿಡುವಾಗುವ ಹೊತ್ತಿಗೆ ಚಕ್ರ ಮತ್ತೆ ಮರೆಯಾಗಿರುತ್ತದೆ. ಬಳಕೆದಾರನಿಗೆ ಏನೂ ಕಾಣುವುದಿಲ್ಲ.

'ಕೋರೂಟೀನ್ ಬಳಸಿದ್ದೇನಲ್ಲ' ಅನ್ನುತ್ತೀರಿ. ಇಲ್ಲೇ ತುಂಬಾ ಜನ ಜಾರುವುದು. ವ್ಯೂಮಾಡೆಲ್ (ಪರದೆಯ ಮಾಹಿತಿ ಹಿಡಿದಿಡುವ ವಸ್ತು) ಕೊಡುವ ವ್ಯೂಮಾಡೆಲ್‌ಸ್ಕೋಪ್‌ನಲ್ಲಿ ಲಾಂಚ್ ಅಂದರೆ ಕೆಲಸ ಬೇರೆ ಥ್ರೆಡ್‌ಗೆ ಹೋಯಿತು ಅಂತಲ್ಲ. ಅದು ಮೇನ್ ಥ್ರೆಡ್‌ನಲ್ಲೇ ಶುರುವಾಗುತ್ತದೆ. ಒಳಗೆ ನಿಜವಾಗಿ ಸಸ್ಪೆಂಡ್ ಆಗುವ, ಅಂದರೆ ಥ್ರೆಡ್ ಬಿಟ್ಟುಕೊಟ್ಟು ಕಾಯುವ, ಕರೆ ಬಂದಾಗ ಮಾತ್ರ ಥ್ರೆಡ್ ಬಿಡುಗಡೆ. ನೆಟ್‌ವರ್ಕ್ ಲೈಬ್ರರಿ ರೆಟ್ರೋಫಿಟ್‌ನ ಸಸ್ಪೆಂಡ್ ಫಂಕ್ಷನ್, ಡೇಟಾಬೇಸ್ ಲೈಬ್ರರಿ ರೂಮ್‌ನ ಸಸ್ಪೆಂಡ್ ಫಂಕ್ಷನ್ ಎರಡೂ ತಮ್ಮ ಕೆಲಸವನ್ನು ತಾವೇ ಹಿನ್ನೆಲೆಯ ಥ್ರೆಡ್‌ಗೆ ಒಯ್ಯುತ್ತವೆ. ಅವುಗಳ ಬಗ್ಗೆ ಚಿಂತೆ ಬೇಡ. ಪೆಟ್ಟು ಬೀಳುವುದು ಅವೆರಡರ ನಡುವಿನ ಜಾಗದಲ್ಲಿ. ನಾಲ್ಕು ಸಾವಿರ ದಾಖಲೆ ಬಂದವು, ಅವನ್ನು ಒಂದು ಲೂಪ್‌ನಲ್ಲಿ ನಿಮ್ಮ ಡೇಟಾಬೇಸ್ ರೂಪಕ್ಕೆ ಬದಲಿಸಿದಿರಿ, ದಿನಾಂಕ ಓದಿದಿರಿ, ಜೋಡಿಸಿದಿರಿ. ಆ ಲೂಪ್ ಇಡಿಯಾಗಿ ಮೇನ್ ಥ್ರೆಡ್‌ನಲ್ಲಿ ಓಡುತ್ತಿದೆ ಅನ್ನುವುದು ನನ್ನ ಊಹೆ. ಅದನ್ನು ಥ್ರೆಡ್ ಬದಲಿಸುವ ವಿತ್‌ಕಾಂಟೆಕ್ಸ್ಟ್ ಒಳಗೆ ಹಾಕಿ. ಲೆಕ್ಕ, ಜೋಡಣೆ, ರೂಪ ಬದಲಾವಣೆಗೆ ಡಿಸ್ಪ್ಯಾಚರ್ಸ್ ಡಾಟ್ ಡಿಫಾಲ್ಟ್. ಫೈಲ್ ಓದುವುದು, ಬರೆಯುವುದು, ನೆಟ್‌ವರ್ಕ್‌ಗೆ ಕಾಯುವುದು ಇದ್ದರೆ ಡಿಸ್ಪ್ಯಾಚರ್ಸ್ ಡಾಟ್ ಐಓ. ಮೊದಲನೆಯದರಲ್ಲಿ ಪ್ರೊಸೆಸರ್ ಕೋರ್‌ಗಳಷ್ಟೇ ಥ್ರೆಡ್ ಇರುತ್ತವೆ. ಎರಡನೆಯದರಲ್ಲಿ ಸಾಮಾನ್ಯವಾಗಿ 64ರವರೆಗೆ, ಯಾಕೆಂದರೆ ಅಲ್ಲಿನ ಥ್ರೆಡ್‌ಗಳು ಹೆಚ್ಚು ಹೊತ್ತು ಸುಮ್ನೆ ಕಾಯುತ್ತಿರುತ್ತವೆ.

ಊಹೆ ಸರಿಯೋ ಅಂತ ನೋಡುವುದು ಸುಲಭ. ಅನುಮಾನ ಇರುವ ಸಾಲಿನಲ್ಲಿ ಈಗಿನ ಥ್ರೆಡ್‌ನ ಹೆಸರನ್ನು ಲಾಗ್ ಮಾಡಿ. 'ಮೇನ್' ಅಂತ ಬಂದರೆ ಸಿಕ್ಕಿಬಿತ್ತು. ಆಂಡ್ರಾಯ್ಡ್‌ನ ಲಾಗ್ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ಕೊರಿಯೋಗ್ರಾಫರ್ ಹೆಸರಿನಡಿ ಇಷ್ಟು ಫ್ರೇಮ್ ತಪ್ಪಿದವು, ಮೇನ್ ಥ್ರೆಡ್‌ನಲ್ಲಿ ಕೆಲಸ ಜಾಸ್ತಿ ಇರಬಹುದು ಅನ್ನುವ ಎಚ್ಚರಿಕೆಯೂ ಕಾಣುತ್ತದೆ. ಡಿಬಗ್ ಬಿಲ್ಡ್‌ನಲ್ಲಿ ಸ್ಟ್ರಿಕ್ಟ್‌ಮೋಡ್ ಹಾಕಿದರೆ ಮೇನ್ ಥ್ರೆಡ್‌ನಲ್ಲಿ ನಡೆಯುವ ಡಿಸ್ಕ್ ಓದು-ಬರಹ ಕೂಡ ಹೊರಬೀಳುತ್ತದೆ.

ಒಂದು ಮೋಸದ ವಿಷಯ ಹೇಳಬೇಕು. ಚಕ್ರ ತಿರುಗುತ್ತಿದೆ ಅಂದ ಮಾತ್ರಕ್ಕೆ ಮೇನ್ ಥ್ರೆಡ್ ಆರಾಮಾಗಿದೆ ಎಂದಲ್ಲ. ಎಪಿಐ 25ರಿಂದ (ಆಂಡ್ರಾಯ್ಡ್ 7.1) ಆನಿಮೇಟೆಡ್ ವೆಕ್ಟರ್ ಚಿತ್ರಗಳು ರೆಂಡರ್ ಥ್ರೆಡ್ ಎಂಬ ಬೇರೆ ಥ್ರೆಡ್‌ನಲ್ಲಿ ಓಡುತ್ತವೆ. ಹಳೆಯ ವ್ಯೂ ಪದ್ಧತಿಯಲ್ಲಿ ಆ ಬಗೆಯ ಚಕ್ರ ಇದ್ದರೆ ಮೇನ್ ಥ್ರೆಡ್ ಸಿಕ್ಕಿಹಾಕಿಕೊಂಡಾಗಲೂ ಅದು ಚೆನ್ನಾಗಿ ತಿರುಗುತ್ತಿರುತ್ತದೆ. ಬಟನ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಪರದೆ ಕಟ್ಟುವ ಹೊಸ ಪದ್ಧತಿಯಾದ ಕಂಪೋಸ್‌ನ ಚಕ್ರಕ್ಕೆ ಈ ಸವಲತ್ತಿಲ್ಲ, ಮೇನ್ ಥ್ರೆಡ್ ನಿಂತರೆ ಅದೂ ನಿಲ್ಲುತ್ತದೆ. ನನ್ನ ಪ್ರಕಾರ ಅದೇ ಒಳ್ಳೆಯದು. ತೊಂದರೆ ಅಭಿವೃದ್ಧಿಯ ಹಂತದಲ್ಲೇ ಕಣ್ಣಿಗೆ ಬೀಳುತ್ತದೆ, ಅಲ್ವಾ?

ಅಡ್ಡ ತಿರುಗಿಸಿದಾಗ ಚಕ್ರ ಎಲ್ಲಿ ಹೋಯಿತು

ಫೋನ್ ತಿರುಗಿಸಿದರೆ ಆಕ್ಟಿವಿಟಿ, ಅಂದರೆ ಆ್ಯಪ್‌ನ ಒಂದು ಪರದೆ, ನಾಶವಾಗಿ ಹೊಸದಾಗಿ ಹುಟ್ಟುತ್ತದೆ. ನೀವು 'ಕಾಣಿಸು' ಅಂದದ್ದು ಹಳೆಯ ಆಕ್ಟಿವಿಟಿಯ ಚಕ್ರಕ್ಕೆ. ಹೊಸ ಆಕ್ಟಿವಿಟಿಗೆ ಕೆಲಸ ನಡೆಯುತ್ತಿರುವ ವಿಷಯವೇ ಗೊತ್ತಿಲ್ಲ, ಯಾಕೆಂದರೆ ಅದನ್ನು ಯಾರೂ ಬರೆದಿಟ್ಟಿಲ್ಲ.

ಪರದೆ ತಿರುಗಿದರೂ ವ್ಯೂಮಾಡೆಲ್ ಉಳಿಯುತ್ತದೆ. ಅಲ್ಲಿ ಒಂದು ಸ್ಟೇಟ್‌ಫ್ಲೋ (ಕೊನೆಯ ಸ್ಥಿತಿಯನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಪೆಟ್ಟಿಗೆ) ಇಡಿ. ಅದರೊಳಗೆ ಇರಬೇಕಾದ್ದು ಕೆಲಸದ ಸ್ಥಿತಿ: ಇನ್ನೂ ಶುರುವಾಗಿಲ್ಲ; ನಡೆಯುತ್ತಿದೆ, ಯಾವ ಹಂತ, ಎಷ್ಟರಲ್ಲಿ ಎಷ್ಟು; ಮುಗಿಯಿತು; ಸೋತಿತು, ಯಾಕೆ. ಇದನ್ನು ಒಂದೇ ಸೀಲ್ಡ್ ಇಂಟರ್ಫೇಸ್‌ನಲ್ಲಿ (ಪಟ್ಟಿಯಲ್ಲಿರುವ ಸ್ಥಿತಿಗಳಲ್ಲಿ ಒಂದು ಸಲಕ್ಕೆ ಒಂದೇ ಇರಬಲ್ಲ ಬಗೆ) ಕಟ್ಟಿ. ಲೋಡಿಂಗ್, ಎರರ್, ಡೇಟಾ ಅಂತ ಮೂರು ಪ್ರತ್ಯೇಕ ವೇರಿಯೇಬಲ್ ಇಟ್ಟರೆ ಎಂದಾದರೂ ಒಂದು ದಿನ ಲೋಡಿಂಗ್ ನಿಜ, ಎರರ್ ಕೂಡ ನಿಜ ಅನ್ನುವ ಸ್ಥಿತಿ ಬಂದೇ ಬರುತ್ತದೆ. ಆಗ ದೋಷದ ಸಂದೇಶದ ಮೇಲೆ ಚಕ್ರ ತಿರುಗುತ್ತಿರುತ್ತದೆ. ಅಂಥ ಆ್ಯಪ್‌ಗಳನ್ನು ನೀವೂ ನೋಡಿರುತ್ತೀರಿ. ಪರದೆಯ ಕಡೆಯಿಂದ ಕಂಪೋಸ್ ಆದರೆ ಕಲೆಕ್ಟ್‌ಆ್ಯಸ್‌ಸ್ಟೇಟ್‌ವಿತ್‌ಲೈಫ್‌ಸೈಕಲ್, ವ್ಯೂ ಪದ್ಧತಿ ಆದರೆ ರಿಪೀಟ್‌ಆನ್‌ಲೈಫ್‌ಸೈಕಲ್ ಬಳಸಿ ಓದಿ. ಹೊಸ ಆಕ್ಟಿವಿಟಿ ಬಂದು ಕೇಳಿದ ಕ್ಷಣವೇ ಸ್ಟೇಟ್‌ಫ್ಲೋ ಈಗಿನ ಸ್ಥಿತಿಯನ್ನು ಕೊಡುತ್ತದೆ. 43ರಲ್ಲಿದ್ದ ಬಾರ್ 43ರಲ್ಲೇ ಮತ್ತೆ ಕಾಣುತ್ತದೆ.

ಒಂದಕ್ಕಿಂತ ಜಾಸ್ತಿ ಕೆಲಸ ಒಟ್ಟಿಗೆ ಓಡುವಾಗ ಒಂದೇ ಬೂಲಿಯನ್ (ನಿಜ ಅಥವಾ ಸುಳ್ಳು ಎಂಬ ಗುರುತು) ಕೈಕೊಡುತ್ತದೆ. ಪಟ್ಟಿ ಇಳಿಯುವುದು ಮೊದಲು ಮುಗಿದು ಲೋಡಿಂಗ್ ಸುಳ್ಳು ಎಂದು ಬರೆಯುತ್ತದೆ. ಫೋಟೋ ಇನ್ನೂ ಹೋಗುತ್ತಿದ್ದರೂ ಚಕ್ರ ಮಾಯ. ಕೆಲಸಕ್ಕೊಂದು ಸ್ಥಿತಿ ಇಟ್ಟು, ಯಾವುದಾದರೂ ಒಂದು ನಡೆಯುತ್ತಿದ್ದರೂ ಚಕ್ರ ತೋರಿಸಿ.

ಹಾಗೇ, ಕೆಲಸ ಸೋತಾಗ ಚಕ್ರ ಕೊನೆಯವರೆಗೂ ತಿರುಗುತ್ತಲೇ ಇರುವುದು ನಾನು ಅತಿ ಹೆಚ್ಚು ನೋಡುವ ದೋಷ. ದೋಷ ಬಂದ ದಾರಿಯಲ್ಲೂ ಸ್ಥಿತಿ ಬದಲಾಗಬೇಕು. ಇಲ್ಲಿ ಕೋರೂಟೀನ್‌ನ ಒಂದು ಹುಳುಕು ನೆನಪಿರಲಿ. ರದ್ದತಿ ಕೂಡ ಎಕ್ಸೆಪ್ಷನ್ ರೂಪದಲ್ಲೇ ಬರುತ್ತದೆ. ಎಲ್ಲ ಎಕ್ಸೆಪ್ಷನ್‌ಗಳನ್ನೂ ಒಂದೇ ಕ್ಯಾಚ್‌ನಲ್ಲಿ ನುಂಗಿದರೆ ಕ್ಯಾನ್ಸಲೇಶನ್ ಎಕ್ಸೆಪ್ಷನ್ ಕೂಡ ಹೊಟ್ಟೆಗೆ ಹೋಗುತ್ತದೆ. ಆಗ ಬಳಕೆದಾರ 'ರದ್ದು' ಒತ್ತಿದ್ದಕ್ಕೆ 'ಏನೋ ತಪ್ಪಾಗಿದೆ' ಅನ್ನುವ ಸಂದೇಶ ಬರುತ್ತದೆ. ಅದನ್ನು ಬೇರೆಯಾಗಿ ಹಿಡಿದು ಮತ್ತೆ ಮೇಲಕ್ಕೆ ಎಸೆಯಿರಿ. ಅಂದ ಹಾಗೆ, ರದ್ದು ಬಟನ್ ಇಟ್ಟರೆ ಅದು ಕೆಲಸ ಮಾಡಬೇಕು. ಕೋರೂಟೀನ್ ತಾನಾಗಿ ನಡುವೆ ಕಡಿದು ಹೋಗುವುದಿಲ್ಲ. ನಿಮ್ಮ ಉದ್ದದ ಲೂಪ್ ನಡುನಡುವೆ ಎನ್‌ಶೂರ್‌ಆ್ಯಕ್ಟಿವ್ ಕರೆದು 'ನಾನಿನ್ನೂ ಓಡಬೇಕಾ' ಎಂದು ಕೇಳಬೇಕು.

99ರ ಕಾಯಿಲೆ

ಬಾರ್ 99ಕ್ಕೆ ಹೋಗಿ ನಿಲ್ಲುತ್ತದೆ ಅಂದರೆ ಅದು ಕೆಲಸದ ಒಂದು ತುಂಡನ್ನು ಮಾತ್ರ ಅಳೆಯುತ್ತಿದೆ. ನೀವು ಇಳಿದ ಬೈಟ್‌ಗಳನ್ನು ಎಣಿಸುತ್ತಿದ್ದೀರಿ. ಆದರೆ ಇಳಿದ ಮೇಲೆ ಪಾರ್ಸ್ ಮಾಡಬೇಕು, ಡೇಟಾಬೇಸ್‌ಗೆ ಬರೆಯಬೇಕು. ಅವಕ್ಕೆ ಬಾರ್‌ನಲ್ಲಿ ಜಾಗವೇ ಇಲ್ಲ.

ಮೊದಲು ಹಂತಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಿರಿ. ಅಳೆಯುವುದಕ್ಕೆ ನಿಮ್ಮ ಹೊಸ ಫೋನ್ ಬೇಡ, ಕೈಗೆ ಸಿಗುವ ಅತಿ ನಿಧಾನದ ಫೋನ್ ಹಿಡಿಯಿರಿ. ಇಳಿಯುವುದಕ್ಕೆ ಅರ್ಧ, ಬರೆಯುವುದಕ್ಕೆ ಅರ್ಧ ಸಮಯ ಹೋಗುತ್ತಿದೆ ಎಂದುಕೊಳ್ಳಿ. ಆಗ ಬಾರ್‌ನ ಮೊದಲ ಅರ್ಧ ಇಳಿಯುವುದಕ್ಕೆ, ಉಳಿದದ್ದು ಬರೆಯುವುದಕ್ಕೆ. ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ, ನಿಜಕ್ಕೆ ಹತ್ತಿರ ಇದ್ದರೆ ಸಾಕು. ಬಾರ್ ಮಾತ್ರ ಯಾವತ್ತೂ ಹಿಂದಕ್ಕೆ ಹೋಗಬಾರದು. ಹಿಂದೆ ಸರಿದ ಬಾರ್ ಅನ್ನು ಆಮೇಲೆ ಯಾರೂ ನಂಬುವುದಿಲ್ಲ.

ಬರೆಯುವ ಹಂತದಲ್ಲಿ ನಾಲ್ಕು ಸಾವಿರ ದಾಖಲೆಗಳನ್ನು ಒಂದೊಂದಾಗಿ ಸೇರಿಸುತ್ತಿದ್ದರೆ ಅದನ್ನು ಇವತ್ತೇ ಬದಲಿಸಿ. ಪ್ರತಿ ಸೇರಿಕೆಯೂ ತನ್ನದೇ ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಆಗದೇ ಹೋಗುವ ಬರಹದ ಕಂತು) ಆಗಿ ನಡೆದು ವಿಪರೀತ ನಿಧಾನವಾಗುತ್ತದೆ. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ತುರುಕಿದರೆ ವೇಗ ಬರುತ್ತದೆ, ಆದರೆ ನಡುವೆ ತೋರಿಸುವುದಕ್ಕೆ ಏನೂ ಸಿಗುವುದಿಲ್ಲ. ಇನ್ನೂರರ ಗುಂಪು ಮಾಡಿ, ಗುಂಪಿಗೊಂದು ಟ್ರಾನ್ಸಾಕ್ಷನ್ ಇಡಿ. ಇಪ್ಪತ್ತು ಗುಂಪು, ಇಪ್ಪತ್ತು ಸಲ ಬಾರ್ ಮುಂದಕ್ಕೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಒಂದು ಎಚ್ಚರಿಕೆ: ಹನ್ನೊಂದನೇ ಗುಂಪಿನಲ್ಲಿ ಕೆಲಸ ಸತ್ತರೆ ಹತ್ತು ಗುಂಪು ಡೇಟಾಬೇಸ್‌ನಲ್ಲಿ ಉಳಿದಿರುತ್ತವೆ. ಮತ್ತೆ ಓಡಿಸಿದಾಗ ಅವೇ ದಾಖಲೆಗಳು ಎರಡೆರಡು ಸಲ ಸೇರದ ಹಾಗೆ ಅಪ್‌ಸರ್ಟ್ (ಇದ್ದರೆ ಬದಲಿಸು, ಇಲ್ಲದಿದ್ದರೆ ಸೇರಿಸು) ಬಳಸಿ.

ಇನ್ನು ಇಳಿಯುವ ಹಂತದ ಲೆಕ್ಕ. ಒಟ್ಟು ಎಷ್ಟು ಬೈಟ್ ಎಂದು ಸರ್ವರ್ ಕಂಟೆಂಟ್-ಲೆಂಗ್ತ್ ಹೆಡರ್‌ನಲ್ಲಿ ಹೇಳಬೇಕು. ಅನೇಕ ಸಲ ಹೇಳುವುದಿಲ್ಲ. ಉತ್ತರವನ್ನು ತುಂಡು ತುಂಡಾಗಿ ಕಳಿಸುವ ಸರ್ವರ್‌ಗೆ ಒಟ್ಟು ಮೊತ್ತ ತನಗೇ ಗೊತ್ತಿರುವುದಿಲ್ಲ. ಇನ್ನೊಂದು ಕಾಟ ಜಿಜಿಪ್ (ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡುವ ಪದ್ಧತಿ) ಕಡೆಯಿಂದ. ನೀವು ಕೇಳದಿದ್ದರೂ ರೆಟ್ರೋಫಿಟ್‌ನ ಕೆಳಗಿರುವ ಓಕೆಹೆಚ್‌ಟಿಟಿಪಿ ಲೈಬ್ರರಿ ತಾನೇ ಜಿಜಿಪ್ ಕೇಳುತ್ತದೆ, ತಾನೇ ಬಿಚ್ಚುತ್ತದೆ, ಬಿಚ್ಚಿದ ಮೇಲೆ ಕಂಟೆಂಟ್-ಲೆಂಗ್ತ್ ತೆಗೆದುಹಾಕುತ್ತದೆ. ನಿಮಗೆ ಸಿಗುವುದು ಮೈನಸ್ 1. ಅದರಿಂದ ಭಾಗಿಸಿ ಬಾರ್ ಮೈನಸ್ ಶೇಕಡಾ ತೋರಿಸಿದ ಆ್ಯಪ್‌ಗಳು ಬೇಕಾದಷ್ಟಿವೆ. ಬೇರೆ ಲೈಬ್ರರಿಗಳಲ್ಲಿ ಇದು ಉಲ್ಟಾ ಆಗಬಹುದು: ಹೆಡರ್‌ನಲ್ಲಿರುವುದು ಒತ್ತಿದ ಗಾತ್ರ, ನೀವು ಎಣಿಸುವುದು ಬಿಚ್ಚಿದ ಬೈಟ್. ಆಗ ಬಾರ್ ನೂರು ದಾಟುತ್ತದೆ.

ನಿಮ್ಮ ಸಂದರ್ಭದಲ್ಲಿ ಬೈಟ್ ಬಿಟ್ಟುಬಿಡಿ, ದಾಖಲೆ ಎಣಿಸಿ. ಸರ್ವರ್ ನಿಮ್ಮ ಕೈಯಲ್ಲೇ ಇದ್ದರೆ ಮೊದಲ ಉತ್ತರದಲ್ಲೇ 'ಒಟ್ಟು ಇಷ್ಟು' ಎಂದು ಹೇಳಿಸಿ, ಉಳಿದದ್ದನ್ನು ಪುಟಪುಟವಾಗಿ ತರಿಸಿ. '4000ದಲ್ಲಿ 1200 ಬಂದಿವೆ' ಅನ್ನುವುದು ಬಳಕೆದಾರನಿಗೂ ಅರ್ಥವಾಗುವ ಮಾತು. ಒಟ್ಟು ಗೊತ್ತಿಲ್ಲದಿದ್ದರೆ ಶೇಕಡಾ ಹಾಕಲೇಬೇಡಿ. ತಿರುಗುವ ಚಕ್ರ ಮತ್ತು 'ಈವರೆಗೆ 1200' ಸಾಕು. ಟೈಮರ್ ಹಾಕಿ ಸುಳ್ಳು ಬಾರ್ ಓಡಿಸುವುದು ನನಗೆ ಹಿಡಿಸದ ಚಾಳಿ. ಅಂಥ ಬಾರ್‌ಗಳೂ ನಿಮ್ಮ 99ರಂತೆ ಕೊನೆಯಲ್ಲಿ ಸಿಕ್ಕಿಬೀಳುತ್ತವೆ.

ಫೋಟೋ ಕಳಿಸುವಾಗ ಕಾಣುವ ವೇಗವನ್ನೂ ಪೂರ್ತಿ ನಂಬಬೇಡಿ. ನೀವು ಎಣಿಸುವುದು ಸಾಕೆಟ್‌ನ ಬಫರ್‌ಗೆ ಬರೆದ ಬೈಟ್, ಸರ್ವರ್‌ಗೆ ತಲುಪಿದ ಬೈಟ್ ಅಲ್ಲ. ಚಿಕ್ಕ ಫೋಟೋ ಆದರೆ ಕ್ಷಣದಲ್ಲಿ ನೂರು ಮುಟ್ಟಿ, ಆಮೇಲೆ ನಿಧಾನದ ನೆಟ್‌ವರ್ಕ್‌ಗೆ ಕಾಯುತ್ತದೆ. ಸರ್ವರ್ 'ಸಿಕ್ಕಿತು' ಅನ್ನುವವರೆಗೆ ಕೊನೆಯ ಒಂದು ಪಾಲನ್ನು ಹಿಡಿದಿಡಿ, 'ಸರ್ವರ್ ಉತ್ತರಕ್ಕೆ ಕಾಯುತ್ತಿದೆ' ಎಂದು ಬರೆಯಿರಿ. ಬಾರ್ ಮೊದಲು ಒಂದೇ ಏಟಿಗೆ ನೂರಾಗಿ, ಮತ್ತೆ ಸೊನ್ನೆಯಿಂದ ಶುರುವಾದರೆ ಗಾಬರಿ ಬೇಡ. ಲಾಗಿಂಗ್ ಇಂಟರ್ಸೆಪ್ಟರ್ ಬಾಡಿ ಮಟ್ಟದಲ್ಲಿದೆಯಾ ನೋಡಿ. ಲಾಗ್ ಬರೆಯಲು ಅದು ಇಡೀ ಬಾಡಿಯನ್ನು ಒಮ್ಮೆ ಓದಿಕೊಳ್ಳುತ್ತದೆ, ನಿಮ್ಮ ಎಣಿಕೆ ಅದನ್ನೂ ಎಣಿಸುತ್ತದೆ.

ಈ ವಿಷಯ ಹೊಸದೇನಲ್ಲ. ಶೇಕಡಾ ತೋರಿಸುವ ಬಾರ್ ಇದ್ದರೆ ಜನ ಇಷ್ಟಪಡುತ್ತಾರೆ ಎಂದು ಸಂಶೋಧಕ ಬ್ರಾಡ್ ಮೈಯರ್ಸ್ 1985ರಲ್ಲೇ ತೋರಿಸಿದ್ದರು. 2007ರಲ್ಲಿ ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು ಬೇರೆ ಬೇರೆ ನಡಿಗೆಯ ಬಾರ್‌ಗಳನ್ನು ಜನರ ಮುಂದಿಟ್ಟು ನೋಡಿದರು. ಕೊನೆಯಲ್ಲಿ ವೇಗ ಪಡೆಯುವ ಬಾರ್ ಬೇಗ ಮುಗಿದ ಹಾಗೆ ಅನಿಸಿತು. ಕೊನೆಯಲ್ಲಿ ತಡೆದು ನಿಲ್ಲುವ ಬಾರ್ ಉದ್ದವಾದ ಹಾಗೆ ಅನಿಸಿತು. ಹಂತಗಳಿಗೆ ಪಾಲು ಹಂಚುವಾಗ ಕೊನೆಯ ಹಂತಕ್ಕೆ ಸ್ವಲ್ಪ ಜಾಸ್ತಿಯೇ ಜಾಗ ಕೊಡಿ. ಅಂದುಕೊಂಡದ್ದಕ್ಕಿಂತ ಬೇಗ ಮುಗಿದರೆ ಯಾರೂ ದೂರುವುದಿಲ್ಲ.

ಯಾವಾಗ ತೋರಿಸಬೇಕು

ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲಿ ಹೇಳಿದ ಮೂರು ಗಡಿಗಳು ಈಗಲೂ ನಡೆಯುತ್ತವೆ. ಬೇರು 1968ರ ರಾಬರ್ಟ್ ಮಿಲ್ಲರ್ ಅವರ ಲೇಖನದಲ್ಲಿದೆ. 0.1 ಸೆಕೆಂಡ್ ಒಳಗೆ ಆದರೆ ತಕ್ಷಣ ಆಯಿತು ಅನಿಸುತ್ತದೆ. 1 ಸೆಕೆಂಡ್‌ವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಹಾಗಾಗಿ 1 ಸೆಕೆಂಡ್ ಒಳಗೆ ಮುಗಿಯುವುದಕ್ಕೆ ಚಕ್ರ ಬೇಡ. ಅದಕ್ಕಿಂತ ಹೆಚ್ಚಾದರೆ ಚಕ್ರ, 10 ಸೆಕೆಂಡ್ ದಾಟುವ ಕೆಲಸಕ್ಕೆ ಎಷ್ಟಾಯಿತು ಎಂಬ ಲೆಕ್ಕ ಮತ್ತು ರದ್ದು ಬಟನ್.

ಸಣ್ಣ ಕೆಲಸಕ್ಕೆ ಚಕ್ರ ಪಳಕ್ಕೆಂದು ಮಿಂಚಿ ಮರೆಯಾದರೆ ಕಣ್ಣಿಗೆ ಕಿರಿಕಿರಿ. ಆಂಡ್ರಾಯ್ಡ್‌ಎಕ್ಸ್‌ನ ಕಂಟೆಂಟ್‌ಲೋಡಿಂಗ್ ಪ್ರೋಗ್ರೆಸ್‌ಬಾರ್ ಇದಕ್ಕೇ ಇದೆ. ಅದು ಅರ್ಧ ಸೆಕೆಂಡ್ ಕಾದು ಆಮೇಲೆ ಕಾಣಿಸುತ್ತದೆ, ಕಾಣಿಸಿದ ಮೇಲೆ ಕನಿಷ್ಠ ಅರ್ಧ ಸೆಕೆಂಡ್ ಇರುತ್ತದೆ. ಕಂಪೋಸ್‌ನಲ್ಲಿ ಇದನ್ನು ನೀವೇ ನಾಲ್ಕು ಸಾಲಿನಲ್ಲಿ ಬರೆದುಕೊಳ್ಳಬಹುದು.

ಹಳೆಯ ದಾಖಲೆಗಳು ಫೋನಿನಲ್ಲಿ ಇದ್ದೇ ಇವೆ ಅಂದರೆ ಅವನ್ನು ಮುಚ್ಚಬೇಡಿ. ಪಟ್ಟಿ ಕಾಣುತ್ತಿರಲಿ, ಮೇಲೆ ತೆಳ್ಳಗಿನ ಬಾರ್ ಓಡಲಿ. ಪೂರ್ತಿ ಪರದೆಯ ಚಕ್ರ ಬೇಕಾಗುವುದು ಆ್ಯಪ್ ಮೊದಲ ಸಲ ತೆರೆದಾಗ ಮಾತ್ರ. ಅಲ್ಲೂ ಬೂದು ಬಣ್ಣದ ಖಾಲಿ ಚೌಕಟ್ಟುಗಳ ಸ್ಕೆಲಿಟನ್ ಹಾಕಬಹುದು, ಆದರೆ ಬರುವ ಪಟ್ಟಿಯ ಆಕಾರ ಅದಕ್ಕೆ ಹೊಂದಬೇಕು.

ಪರದೆ ಬಿಟ್ಟು ಹೋದರೂ ಮುಂದುವರಿಯಬೇಕಾದ ಕೆಲಸ

ಬಳಕೆದಾರ ಆ ಪರದೆಯಿಂದ ಹಿಂದಕ್ಕೆ ಹೋದರೆ ವ್ಯೂಮಾಡೆಲ್‌ಸ್ಕೋಪ್ ರದ್ದಾಗುತ್ತದೆ, ಜೊತೆಗೆ ಅದರೊಳಗಿನ ಕೆಲಸವೂ. ಪಟ್ಟಿ ಇಳಿಸುವುದಕ್ಕೆ ಇದು ಪರವಾಗಿಲ್ಲ ಎನ್ನಬಹುದು. ಫೋಟೋ ಕಳಿಸುವುದಕ್ಕೆ ಆಗದು. ಬಳಕೆದಾರ ಆ್ಯಪ್ ಬಿಟ್ಟು ಬೇರೆ ಕಡೆ ಹೋದರೂ ಫೋಟೋ ಹೋಗಲೇಬೇಕು. ಅದನ್ನು ಹಿನ್ನೆಲೆಯ ಕೆಲಸ ನೋಡಿಕೊಳ್ಳುವ ವರ್ಕ್‌ಮ್ಯಾನೇಜರ್ ಲೈಬ್ರರಿಗೆ ಕೊಡಿ.

ಇಲ್ಲೂ ನಿಯಮ ಅದೇ. ವರ್ಕರ್ (ಅದರಡಿ ಓಡುವ ಕೆಲಸ) ಪರದೆಯನ್ನು ಮುಟ್ಟುವುದಿಲ್ಲ. ಅದು ಸೆಟ್‌ಪ್ರೋಗ್ರೆಸ್ ಮೂಲಕ ತನ್ನ ಸ್ಥಿತಿ ಬರೆಯುತ್ತದೆ, ಪರದೆ ವರ್ಕ್‌ಇನ್ಫೋ ಓದುತ್ತದೆ. ಕೆಲಸಕ್ಕೊಂದು ಖಾಯಂ ಹೆಸರು ಕೊಟ್ಟು ಯುನೀಕ್ ವರ್ಕ್ ಆಗಿ ಸೇರಿಸಿ, ಈಗಾಗಲೇ ಇದ್ದರೆ ಅದನ್ನೇ ಉಳಿಸು ಅಂತ ಹೇಳಿ. ಆಗ ಬಟನ್ ಮೂರು ಸಲ ಒತ್ತಿದರೂ ಓಡುವುದು ಒಂದೇ. ಆ್ಯಪ್ ಮತ್ತೆ ತೆರೆದಾಗ ಅದೇ ಹೆಸರಿನಿಂದ ಹುಡುಕಿ ಬಾರ್ ಮತ್ತೆ ಜೋಡಿಸಬಹುದು. ಸೆಟ್‌ಪ್ರೋಗ್ರೆಸ್‌ನ ಮಾಹಿತಿ ಕೆಲಸ ಓಡುತ್ತಿರುವಾಗ ಮಾತ್ರ ಸಿಗುತ್ತದೆ, ಮುಗಿದ ಕೂಡಲೇ ಅಳಿಸಿಹೋಗುತ್ತದೆ. ಎಷ್ಟು ಫೋಟೋ ಹೋದವು ಅನ್ನುವುದು ಆಮೇಲೂ ಬೇಕಿದ್ದರೆ ಔಟ್‌ಪುಟ್ ಡೇಟಾದಲ್ಲಿ ಹಾಕಿ. ಇನ್ನೂ ಒಳ್ಳೆಯದೆಂದರೆ ಪ್ರತಿ ಫೋಟೋದ ಸ್ಥಿತಿಯನ್ನು ನಿಮ್ಮದೇ ಡೇಟಾಬೇಸ್‌ನಲ್ಲಿ ಬರೆಯಿರಿ. ಪ್ರೊಸೆಸ್ ನಡುವೆ ಸತ್ತರೂ ಉಳಿದ ಫೋಟೋಗಳಿಂದ ಮುಂದುವರಿಸಬಹುದು, ಬಾರ್ ಸೊನ್ನೆಗೆ ಬೀಳುವುದಿಲ್ಲ.

ಮಾಮೂಲಿ ವರ್ಕರ್‌ಗೆ 10 ನಿಮಿಷದ ಮಿತಿ ಇದೆ. ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಸೆಟ್‌ಫೋರ್‌ಗ್ರೌಂಡ್ ಕರೆದು ನೋಟಿಫಿಕೇಶನ್ ತೋರಿಸಬೇಕು. ಆಗ ಅದು ಫೋರ್‌ಗ್ರೌಂಡ್ ಸರ್ವಿಸ್ ಆಗಿ ಓಡುತ್ತದೆ. ಆಂಡ್ರಾಯ್ಡ್ 12ರಿಂದ, ಆ್ಯಪ್ ಹಿನ್ನೆಲೆಯಲ್ಲಿರುವಾಗ ಫೋರ್‌ಗ್ರೌಂಡ್ ಸರ್ವಿಸ್ ಶುರುಮಾಡಲು ಕೆಲವೇ ವಿನಾಯಿತಿಗಳಿವೆ. ಬಳಕೆದಾರ ಬಟನ್ ಒತ್ತಿದಾಗಲೇ ಶುರುಮಾಡಿ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು. ಕೊಡದಿದ್ದರೂ ಕೆಲಸ ಓಡುತ್ತದೆ, ನೋಟಿಫಿಕೇಶನ್ ಪಟ್ಟಿಯಲ್ಲಿ ಕಾಣುವುದಿಲ್ಲ, ಅಷ್ಟೇ. ಹಾಗಾಗಿ ಆ್ಯಪ್ ಒಳಗೂ ಬಾರ್ ಇರಲೇಬೇಕು. ಆಂಡ್ರಾಯ್ಡ್ 14ರಿಂದ ಸರ್ವಿಸ್‌ನ ಬಗೆ ಏನೆಂದು ಮ್ಯಾನಿಫೆಸ್ಟ್‌ನಲ್ಲಿ ಹೇಳಬೇಕು. ನಿಮ್ಮದಕ್ಕೆ ಡೇಟಾಸಿಂಕ್ ಹೊಂದುತ್ತದೆ. ಆಂಡ್ರಾಯ್ಡ್ 15ಕ್ಕೆ ಗುರಿಯಿಟ್ಟ ಆ್ಯಪ್‌ಗಳಲ್ಲಿ ಆ ಬಗೆಗೆ 24 ಗಂಟೆಗಳಲ್ಲಿ 6 ಗಂಟೆಯ ಮಿತಿ ಇದೆ. ಕೆಲವು ಫೋಟೋಗಳಿಗೆ ಅದು ಧಾರಾಳ.

ಮೂಗಿಗಿಂತ ಮೂಗುತಿ ಭಾರ

ಪ್ರಗತಿ ತೋರಿಸುವುದೇ ಕೆಲಸವನ್ನು ನಿಧಾನ ಮಾಡಬಹುದು. 50 ಎಂಬಿ ಫೈಲ್ ಅನ್ನು 8 ಕೆಬಿ ತುಂಡುಗಳಲ್ಲಿ ಓದಿ, ಪ್ರತಿ ತುಂಡಿಗೂ ಸ್ಥಿತಿ ಬರೆದರೆ 6400 ಸಲ ಬರೆದ ಹಾಗಾಯಿತು. ಸ್ಟೇಟ್‌ಫ್ಲೋ ಆದರೆ ಹೇಗೋ ತಡೆದುಕೊಳ್ಳುತ್ತದೆ, ನಡುವಿನವನ್ನು ಬಿಟ್ಟು ಕೊನೆಯದನ್ನಷ್ಟೇ ಕೊಡುತ್ತದೆ. ಆದರೆ ವರ್ಕ್‌ಮ್ಯಾನೇಜರ್‌ನ ಸೆಟ್‌ಪ್ರೋಗ್ರೆಸ್ ಪ್ರತಿ ಸಲ ತನ್ನ ಡೇಟಾಬೇಸ್‌ಗೆ ಬರೆಯುತ್ತದೆ. ಪೂರ್ಣ ಶೇಕಡಾ ಬದಲಾದಾಗ ಮಾತ್ರ ಬರೆಯಿರಿ. 6400 ಇದ್ದದ್ದು ನೂರಕ್ಕೆ ಇಳಿಯುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನೋಟಿಫಿಕೇಶನ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಸೆಕೆಂಡಿಗೆ ಹಲವು ಸಲ ಬದಲಿಸಿದರೆ ಆಂಡ್ರಾಯ್ಡ್ ಕೆಲವನ್ನು ಸದ್ದಿಲ್ಲದೆ ಎಸೆಯುತ್ತದೆ. ಎಸೆದದ್ದರಲ್ಲಿ ಕೊನೆಯ 'ಮುಗಿಯಿತು' ಇದ್ದರೆ ಕೆಲಸ ಮುಗಿದ ಮೇಲೂ ನೋಟಿಫಿಕೇಶನ್ 97ರಲ್ಲಿ ನಿಂತಿರುತ್ತದೆ. ಸೆಕೆಂಡಿಗೆ ಒಂದು ಸಲ ಸಾಕು. ಮೊದಲ ಸಲ ಬಿಟ್ಟು ಮತ್ತೆ ಮತ್ತೆ ಸದ್ದು ಮಾಡದ ಹಾಗೆ ಸೆಟ್‌ಓನ್ಲಿಅಲರ್ಟ್‌ಒನ್ಸ್ ಹಾಕಿ.

ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರಿಗೆ ತಿರುಗುವ ಚಕ್ರ ಹೆಚ್ಚೇನೂ ಹೇಳುವುದಿಲ್ಲ. ಪಕ್ಕದಲ್ಲಿ 'ದಾಖಲೆಗಳು ಇಳಿಯುತ್ತಿವೆ' ಅನ್ನುವ ಬರಹ ಇರಲಿ, ಹಂತ ಬದಲಾದಾಗ ಅದು ಓದಿ ಹೇಳುವಂತೆ ಲೈವ್ ರೀಜನ್ ಮಾಡಿ. ಪ್ರತಿ ಶೇಕಡಾವನ್ನೂ ಓದಿಸಬೇಡಿ, ತಲೆ ಚಿಟ್ಟು ಹಿಡಿಯುತ್ತದೆ.

ಫ್ಲಟರ್, ಐಓಎಸ್‌ಗೆ ಬಂದರೆ

ಮುಂದೆ ಅತ್ತ ಹೋಗುವ ಯೋಚನೆ ಇದ್ದರೆ ಎರಡು ಮಾತು. ಫ್ಲಟರ್‌ನಲ್ಲಿ ಅಸಿಂಕ್ ಎಂದು ಬರೆದರೆ ಬೇರೆ ಥ್ರೆಡ್ ಹುಟ್ಟುವುದಿಲ್ಲ. ಭಾರದ ಲೆಕ್ಕವನ್ನು ಬೇರೆಯಾಗಿ ಓಡುವ ಐಸೊಲೇಟ್‌ಗೆ ಕೊಡಬೇಕು. ಅಲ್ಲಿನ ನೆಟ್‌ವರ್ಕ್ ಲೈಬ್ರರಿ ಡಿಯೋ ಕೊಡುವ ಒಟ್ಟು ಮೊತ್ತ ಅಲ್ಲೂ ಮೈನಸ್ 1 ಇರಬಹುದು. ಐಓಎಸ್‌ನಲ್ಲಿ ಆ್ಯಪ್ ಹಿಂದಕ್ಕೆ ಸರಿದ ಮೇಲೆ, ಕೇಳಿಕೊಂಡರೂ ಸಿಗುವುದು ಸುಮಾರು ಅರ್ಧ ನಿಮಿಷ. ದೊಡ್ಡ ಫೈಲ್ ಕಳಿಸುವುದನ್ನು ಹಿನ್ನೆಲೆಯ ಯುಆರ್‌ಎಲ್‌ಸೆಷನ್‌ಗೆ ಒಪ್ಪಿಸಬೇಕು. ಲಾಕ್ ಪರದೆಯಲ್ಲಿ ಪ್ರಗತಿ ತೋರಿಸಲು ಐಓಎಸ್ 16.1ರಿಂದ ಲೈವ್ ಆ್ಯಕ್ಟಿವಿಟಿ ಇದೆ.

ಪರೀಕ್ಷೆ

ನಿಮ್ಮ ವೈಫೈನಲ್ಲಿ, ನಿಮ್ಮ ಫೋನಿನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಎಮ್ಯುಲೇಟರ್‌ನಲ್ಲಿ ನೆಟ್‌ವರ್ಕ್ ವೇಗವನ್ನು ಎಡ್ಜ್ (ಹಳೆಯ 2ಜಿ) ಮಟ್ಟಕ್ಕೆ ಇಳಿಸಿ ಸಿಂಕ್ ಒತ್ತಿ. ನಡುವೆ ಏರೋಪ್ಲೇನ್ ಮೋಡ್ ಹಾಕಿ. ಚಕ್ರ ನಿಂತು ದೋಷದ ಸಂದೇಶ, ಜೊತೆಗೆ 'ಮತ್ತೆ ಪ್ರಯತ್ನಿಸಿ' ಬಟನ್ ಬರಬೇಕು. ಫೋನ್ ಅಡ್ಡ ತಿರುಗಿಸಿ, ಹೋಮ್‌ಗೆ ಹೋಗಿ ಮರಳಿ ಬನ್ನಿ. ಬಾರ್ ಬಿಟ್ಟ ಜಾಗದಿಂದಲೇ ಕಾಣಬೇಕು. ಕೊನೆಗೆ ಫೋಟೋ ಹೋಗುತ್ತಿರುವಾಗ ಆಂಡ್ರಾಯ್ಡ್ ಸ್ಟುಡಿಯೋದಿಂದ ಪ್ರೊಸೆಸ್ ಕೊಂದು, ಆ್ಯಪ್ ಮತ್ತೆ ತೆರೆಯಿರಿ. ವರ್ಕ್‌ಮ್ಯಾನೇಜರ್ ಕೆಲಸವನ್ನು ಮತ್ತೆ ಎತ್ತಿಕೊಳ್ಳಬೇಕು, ಆಗಲೇ ಹೋದ ಫೋಟೋಗಳು ಎರಡನೇ ಸಲ ಹೋಗಬಾರದು. ಹೋದರೆ ಪ್ರತಿ ಫೋಟೋದ ಸ್ಥಿತಿಯನ್ನು ಡೇಟಾಬೇಸ್‌ನಲ್ಲಿ ಯಾವ ಕ್ಷಣದಲ್ಲಿ ಬರೆಯುತ್ತಿದ್ದೀರಿ ನೋಡಿ. ಸರ್ವರ್ ಉತ್ತರ ಬಂದ ಕೂಡಲೇ ಬರೆಯಬೇಕು, ಗುಂಪಿನ ಕೊನೆಗೆ ಅಲ್ಲ.